ಕಳ್ಳರಿಗೆ ಬಾಗಿಲು ತೋರಿಸಿದವರು

ವಿಮಾನ ನಿಲ್ದಾಣ

ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಬಿಚ್ಚಿದ ಕಸ್ಟಮ್ಸ್ ಅಧಿಕಾರಿಗೆ ಮೊದಲು ಸಿಕ್ಕಿದ್ದು ಚಟ್ನಿಪುಡಿ. ಮೂಸಿ ನೋಡಿದ, ಎರಡು ಸಲ ಸೀನಿದ, ಪಕ್ಕಕ್ಕಿಟ್ಟ. ಅದರಡಿ ಮೊಳದುದ್ದದ ಆರು ಕಬ್ಬಿಣದ ಚಿಲಕಗಳು ಸಿಕ್ಕವು. ಚಿಲಕಗಳ ಅಡಿಯಲ್ಲಿ ಒಂದು ಡಜನ್ ಪೊಲೀಸ್ ಸೀಟಿ. ಆತ ಒಮ್ಮೆ ಚಿಲಕ ನೋಡಿದ, ಒಮ್ಮೆ ನನ್ನ ಮುಖ ನೋಡಿದ.

“ಏನಿವು?”

“ಹಡಗಿನ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ. ಕಡಲ್ಗಳ್ಳರು ಬರದಂತೆ.”

ಆತ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯ ಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಪಕ್ಕದ ಮೇಜಿನವನಿಗೆ ತೋರಿಸಿದ. ಇಬ್ಬರೂ ನಕ್ಕರು. ಅವರಿಗೆ ಕಡಲ್ಗಳ್ಳರೆಂದರೆ ಮಕ್ಕಳ ಪುಸ್ತಕದ ಚಿತ್ರ. ನಕ್ಕು ಮುಗಿದ ಮೇಲೆ ಮತ್ತೆ ಅನುಮಾನ ಬಂತು. “ಹಡಗಿನ ಎಂಜಿನಿಯರ್ ಅನ್ನುತ್ತೀರಿ. ವಿಮಾನದಲ್ಲಿ ಯಾಕೆ ಬಂದಿರಿ?”

ಇದೇ ಪ್ರಶ್ನೆಯನ್ನು ನಮ್ಮವ್ವನೂ ಕೇಳಿದ್ದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇವನಿಗೂ ಕೊಟ್ಟೆ. ನಾನು ಬೊಂಬಾಯಿಯ ಒಂದು ಹಡಗು ಕಂಪನಿಯಲ್ಲಿ ಸೂಪರಿಂಟೆಂಡೆಂಟ್. ಹಡಗು ಯಾವ ಬಂದರಿಗೆ ಬರುತ್ತದೋ ಅಲ್ಲಿಗೆ ಹೋಗಿ, ಹತ್ತಿ, ಕೆಟ್ಟದ್ದನ್ನು ರಿಪೇರಿ ಮಾಡಿಸಿ, ವರದಿ ಬರೆದು ಇಳಿಯುವುದು ನನ್ನ ಕೆಲಸ. ಆತ ಅರ್ಧ ನಂಬಿದ. ಚಿಲಕಗಳನ್ನು ಬಿಟ್ಟ. ಚಟ್ನಿಪುಡಿಯನ್ನು ಇಟ್ಟುಕೊಂಡ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಯಾರೂ ಅದನ್ನು ನನಗೆ ಸುಮ್ಮನೆ ಕೊಡಲಿಲ್ಲ. ಅಪ್ಪ ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ತುಂಬುತ್ತಿದ್ದರು. ಮಗ ಹಡಗಿನ ಬಾಯ್ಲರಿನ ಪರೀಕ್ಷೆ ಬರೆದು ಪಾಸಾದ. ಹಾಗಾಗಿ ಅಮೆರಿಕದ ಅಧಿಕಾರಿ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಾಗ ನಾನೂ ಅವನನ್ನು ಹಾಗೆಯೇ ಅಳೆದು, ಪೆಟ್ಟಿಗೆ ಮುಚ್ಚಿ ಹೊರಬಂದೆ.

ಆದರೆ ಚಿಲಕ ಹಾಕಿಸುವುದಷ್ಟೇ ನನ್ನ ಕೆಲಸವಾಗಿರಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಹೌದು ಅಥವಾ ಅಲ್ಲ ಎಂದು ಬರೆದು ಸಹಿ ಹಾಕಬೇಕಿತ್ತು.

ನೆವಾರ್ಕ್ ಬಂದರು

ನಡೆದದ್ದು ಇಷ್ಟು. ನಮ್ಮ ಹಡಗು ರಬ್ಬರು, ಪ್ಲೈವುಡ್ಡು ತುಂಬಿಕೊಂಡು ಸಿಂಗಪುರ ಬಿಟ್ಟಿತ್ತು. ಅಲ್ಲಿನ ಕಡಲು ಇಕ್ಕಟ್ಟು, ಎರಡೂ ಕಡೆ ದ್ವೀಪಗಳು, ಹಡಗು ನಿಧಾನವಾಗಿ ಹೋಗಲೇಬೇಕು. ಮುಂಜಾನೆ ಇನ್ನೂ ಬೆಳಕು ಹರಿಯುತ್ತಿದ್ದಾಗ ಸಣ್ಣದೊಂದು ದೋಣಿ ಹಿಂದಿನಿಂದ ಬಂತು. ಬಿದಿರಿನ ಗಳುವಿನ ತುದಿಗೆ ಕೊಕ್ಕೆ ಕಟ್ಟಿ, ಅದನ್ನು ಹಡಗಿನ ಹಿಂಭಾಗಕ್ಕೆ ಸಿಕ್ಕಿಸಿ, ಆರು ಜನ ಬರಿಗಾಲಲ್ಲಿ ಹತ್ತಿದರು. ಹೊರಗೋಡೆಯ ಒಂದು ಬಾಗಿಲಿನ ತುಕ್ಕು ಹಿಡಿದ ಚಿಲಕವನ್ನು ಸರಳು ಹಾಕಿ ಮೀಟಿದರು. ನಾಲ್ಕು ಅಂತಸ್ತು ಏರಿದರು. ಆ ಅಂತಸ್ತಿನ ಓಣಿಯಲ್ಲಿ ಎಂಟು ಬಾಗಿಲುಗಳಿವೆ. ಏಳನ್ನು ಮುಟ್ಟಲಿಲ್ಲ. ಎಂಟನೆಯದನ್ನು ಒದ್ದರು. ಅದು ಕ್ಯಾಪ್ಟನ್ ಕೋಣೆ. ಹೆಗಲಿಗೆ ಮಚ್ಚಿನ ಏಟು ಕೊಟ್ಟು, ಕೈ ಕಟ್ಟಿ, ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು, ಕಾಲು ಗಂಟೆಯೊಳಗೆ ಇಳಿದು ಹೋದರು.

ಇದರಲ್ಲಿ ಎಲ್ಲರ ತಲೆ ಕೆಡಿಸಿದ್ದು ಒಂದೇ ಮಾತು. ಆ ಕಡಲಿಗೆ ಹೋಗುವ ಮೊದಲೇ ಕೋಣೆಗಳ ಬಾಗಿಲ ಮೇಲಿನ ಹೆಸರಿನ ಫಲಕಗಳನ್ನೆಲ್ಲ ಕಳಚಿ ಇಡಲಾಗಿತ್ತು. ಎಂಟು ಬಾಗಿಲೂ ಒಂದೇ ಬಣ್ಣ, ಒಂದೇ ಅಳತೆ. ಕಳ್ಳರಿಗೆ ಹೇಗೆ ಗೊತ್ತಾಯಿತು?

ಒಳಗಿನವರು ಯಾರೋ ಹೇಳಿದ್ದಾರೆ, ಎಂದಿತು ವಿಮಾ ಕಂಪನಿ. ಇರಬಹುದು, ಎಂದಿತು ನಮ್ಮ ಬೊಂಬಾಯಿ ಆಫೀಸು.

ನೆವಾರ್ಕ್ ಬಂದರಿನ ಗೇಟಿನ ಕಾವಲುಗಾರ ನನ್ನನ್ನು ಅರ್ಧ ಗಂಟೆ ನಿಲ್ಲಿಸಿದ. ನನ್ನ ಕಾಗದ ಸರಿಯಿತ್ತು. ಅವನ ತಕರಾರು ಹಡಗಿನ ಮೇಲಿತ್ತು. “ನಿಮ್ಮ ಹಡಗಿನ ಹಿಂದೆ ಒಬ್ಬ ಕೂತಿದ್ದಾನೆ. ಬೆಳಗಿನಿಂದ ಕೂಗುತ್ತಿದ್ದೇನೆ, ಉತ್ತರ ಕೊಡುವುದಿಲ್ಲ. ಇಂಥ ಚಳಿಯಲ್ಲಿ ಅಲ್ಲಾಡುವುದೂ ಇಲ್ಲ. ಸತ್ತಿದ್ದಾನೋ ಏನೋ ನೋಡಿ.” ಹೋಗಿ ನೋಡಿದರೆ, ಕೆಲಸಕ್ಕೆ ತೊಡುವ ಬಾಯ್ಲರ್ ಸೂಟಿಗೆ ಹಳೆ ಹಗ್ಗ ತುಂಬಿ, ಹೆಲ್ಮೆಟ್ ತೊಡಿಸಿ, ಕೈಗೆ ದೊಣ್ಣೆ ಕಟ್ಟಿ ಕುರ್ಚಿಯಲ್ಲಿ ಕೂರಿಸಿದ ಬೆದರುಬೊಂಬೆ. ಕಳ್ಳರು ದೂರದಿಂದ ನೋಡಿ ಕಾವಲಿದೆ ಎಂದುಕೊಳ್ಳಲಿ ಎಂದು ಖಲಾಸಿಗಳು ಮಾಡಿದ್ದು. ನಮ್ಮ ಹೊಲಗಳಲ್ಲಿ ಅದಕ್ಕೆ ಹಕ್ಕಿಗಳೂ ಹೆದರುವುದಿಲ್ಲ. ನ್ಯೂಜೆರ್ಸಿಯ ಕಾವಲುಗಾರನನ್ನು ಅದು ಬೆಳಗಿನಿಂದ ಕಾಡಿತ್ತು.

ಕ್ಯಾಪ್ಟನ್ ದೇಶಪಾಂಡೆಯವರು ಧಾರವಾಡದವರು. ನಾನು ಅವರ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದಾಗ, ಎಡಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಹಾಕಿಕೊಂಡು ಬಲಗೈಯಿಂದ ಗಣಪತಿಗೆ ಊದಿನಕಡ್ಡಿ ಹಚ್ಚುತ್ತಿದ್ದರು.

“ಬರ್ರಿ ಲಿಂಗಯ್ಯಾ. ಚಟ್ನಿಪುಡಿ ತಂದೀರೇನು, ಬರೇ ಚಿಲಕಾ ತಂದೀರಿ?”

“ಚಟ್ನಿಪುಡಿ ಕಸ್ಟಮ್ಸ್‌ನೋರು ತಿಂತಿದಾರೆ ಸಾರ್.”

“ತಿನ್ಲಿ ಬಿಡ್ರಿ, ನಾಲಿಗಿ ಚುರುಕ್ ಆಗ್ತದ.” ಆಮೇಲೆ ದನಿ ತಗ್ಗಿಸಿದರು. “ನೋಡ್ರಿ, ನನಗ ಹೇಳಾಕ ಮನಸ್ಸಿಲ್ಲ. ಆದ್ರ ಅವತ್ತು ಮುಂಜಾನೆ ಈ ಓಣ್ಯಾಗ ಇದ್ದಾಂವ ಒಬ್ಬನ. ಮಂಜುನಾಥ.”

ಮಂಜುನಾಥ ಹರಿಕಂತ್ರ ಹಡಗಿನ ಸ್ಟೂವರ್ಡ್. ಅಂದರೆ ಕ್ಯಾಪ್ಟನ್ನರ ಊಟ, ಚಹ, ಕೋಣೆ ನೋಡಿಕೊಳ್ಳುವವನು. ಕುಮಟೆ ಕಡೆಯವನು, ನಲವತ್ತು ದಾಟಿದ ಸಣಕಲು ಮನುಷ್ಯ. ಸಿಂಗಪುರದಲ್ಲಿ ಹಣ್ಣು ಮಾರುವ ದೋಣಿಯವರ ಜೊತೆ ಅವರ ಭಾಷೆಯಲ್ಲೇ ಮಾತಾಡಿದ್ದನ್ನು ನಾಲ್ಕು ಜನ ಕಂಡಿದ್ದರು. ದಾಳಿಯಾದಾಗ ಕ್ಯಾಪ್ಟನ್ನರಿಗೆ ಚಹ ಕೊಡುತ್ತ ಒಳಗೇ ಇದ್ದ. ಅವನಿಗೆ ಒಂದು ಗೀರೂ ಬಿದ್ದಿರಲಿಲ್ಲ.

ನಾನು ಅವನ ಕೋಣೆ ಶೋಧಿಸಿದೆ. ಟ್ರಂಕು ತೆರೆಸಿದೆ, ಹಾಸಿಗೆ ಎತ್ತಿಸಿದೆ. ಸಿಕ್ಕಿದ್ದು ಒಂದು ಸಣ್ಣ ನೋಟ್‌ಬುಕ್ಕು. ಅದರಲ್ಲಿ ಮಲಯ ಭಾಷೆಯ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದ. ನಾಸಿ, ಅನ್ನ. ಇಕಾನ್, ಮೀನು. ಒಂದು ಪುಟದಲ್ಲಿ: ಪಿಂತು, ಬಾಗಿಲು.

“ಬಾಗಿಲು ಅನ್ನೋ ಮಾತು ನಿನಗ್ಯಾಕಪ್ಪಾ ಬೇಕಿತ್ತು?”

“ಸಾಮಾನು ತಂದವ್ರು ಅಡುಗೆಮನೆ ಬಾಗ್ಲು ತೆಗ್ದಿಟ್ಟೇ ಹೋಗ್ತ್ರು ಸಾಬ್. ‘ಹಾಕಿ ಹೋಗಿ’ ಹೇಳೂಕೆ ಬರ್ಬೇಕಲ್ರಾ.”

“ಅದಕ್ಕೇನಾ?”

“ಮತ್ತೆಂತಕ್ಕೆ?” ಎಂದ. ಎತ್ತಿದ ಹಾಸಿಗೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. “ನನ್ನ ತಮ್ಮ, ಭಾವ, ಊರಿನ ಮತ್ತೆ ಮೂರು ಹುಡುಗ್ರು, ಎಲ್ಲಾ ನನ್ನ ಹೆಸ್ರಿನ ಮೇಲೇ ಕಂಪನಿಯ ಬೇರೆ ಹಡಗು ಹತ್ತಿದವ್ರು. ನಾ ‘ಕಳ್ಳ’ ಹೇಳಿ ಬರೆದ್ರೆ ಅವ್ರೆಲ್ಲಾ ಇಳೀಬೇಕು. ಅಷ್ಟು ನೆನಪಿಟ್ಕಂಡು ಬರೀರಿ.”

ಇದು ಬೇಡಿಕೆಯೋ ಬೆದರಿಕೆಯೋ ನನಗೆ ತಿಳಿಯಲಿಲ್ಲ. ನೋಟ್‌ಬುಕ್ಕನ್ನು ಜೇಬಿಗೆ ಹಾಕಿಕೊಂಡೆ.

ಜರ್ಸಿ ಸಿಟಿ

ವಿಮಾ ಕಂಪನಿಯ ತನಿಖಾಧಿಕಾರಿ ಕೆಲ್ಲರ್ ಎಂಬಾತನ ಆಫೀಸು ಜರ್ಸಿ ಸಿಟಿಯ ನದಿ ದಂಡೆಯಲ್ಲಿತ್ತು. ಟ್ಯಾಕ್ಸಿ ಹತ್ತಿದರೆ ನನಗೂ ಡ್ರೈವರನಿಗೂ ನಡುವೆ ಗುಂಡು ತೂರದ ದಪ್ಪ ಗಾಜು. ನಮ್ಮ ಊರಿನಲ್ಲಿ ಜಟಕಾ ಹತ್ತಿದವನು ಇಳಿಯುವ ಹೊತ್ತಿಗೆ ಗಾಡಿಯವನ ಮಗಳಿಗೆ ಗಂಡು ಹುಡುಕಿಕೊಡುವ ಮಾತಾಗಿರುತ್ತದೆ. ಇಲ್ಲಿ ಹೋಗಬೇಕಾದ ವಿಳಾಸವನ್ನೂ ಗಾಜಿನ ತೂತಿನಲ್ಲಿ ಬಾಯಿಟ್ಟು ಕೂಗಿ ಹೇಳಬೇಕು. ಆದರೂ ಎಲ್ಲರೂ “ಹೇಗಿದ್ದೀರಿ?” ಎಂದು ಕೇಳುತ್ತಾರೆ. ಮೊದಲ ದಿನ ನಾನು ನಿಂತು, ಪ್ರಯಾಣದಲ್ಲಿ ಸೊಂಟ ಹಿಡಿದದ್ದನ್ನು ಒಬ್ಬನಿಗೆ ಹೇಳತೊಡಗಿದೆ. ಆತ ಆಗಲೇ ಲಿಫ್ಟಿನೊಳಗಿದ್ದ.

ಕಟ್ಟಡದ ಬಾಗಿಲಲ್ಲಿ ಕಾವಲಿನವನು ಚೀಲ ತೆರೆಸಿದ. ಹಡಗಿನ ಅಡುಗೆಯವನು ಕಟ್ಟಿಕೊಟ್ಟ ಚಪಾತಿ ಪಲ್ಯದ ಡಬ್ಬಿಯ ಮುಚ್ಚಳವನ್ನೂ ತೆರೆಸಿದ. ನನ್ನ ಮೈಯೆಲ್ಲ ಉರಿದುಹೋಯಿತು. ಗಿರಣಿಯಲ್ಲಿ ಒಮ್ಮೆ ಅಕ್ಕಿ ಕಳುವಾದಾಗ ಮಾಲೀಕರು ಆಳುಗಳೆಲ್ಲ ದಿನಾ ಸಂಜೆ ಗೇಟಿನಲ್ಲಿ ಬುತ್ತಿ ತೆರೆದು ತೋರಿಸಿ ಹೋಗಬೇಕೆಂದು ಮಾಡಿದ್ದರು. ಕಳ್ಳ ಸಿಕ್ಕಿದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ. ನಾನು ಅಪ್ಪನನ್ನು ಕರೆದುಕೊಂಡು ಬರಲು ಹೋದಾಗಲೆಲ್ಲ ಅವರು ಖಾಲಿ ಬುತ್ತಿಯನ್ನು ಬೋರಲು ಹಾಕಿ ಬಡಿದು ತೋರಿಸುವುದನ್ನು ನೋಡಿದ್ದೇನೆ. ಅದನ್ನು ನೋಡಿಯೇ ಓದಿದೆ ಎಂದರೂ ತಪ್ಪಲ್ಲ.

ಇಷ್ಟೆಲ್ಲ ನೆನಪಾಯಿತು. ನೆನಪಾದ ಐದು ನಿಮಿಷಕ್ಕೆ ಮೇಲೆ ಹೋಗಿ, ಮಂಜುನಾಥನ ನೋಟ್‌ಬುಕ್ಕನ್ನು ಕೆಲ್ಲರ್ ಮೇಜಿನ ಮೇಲಿಟ್ಟೆ.

ಕೆಲ್ಲರ್ ಎತ್ತರದ, ಬೋಳುತಲೆಯ, ಮೆಲುದನಿಯ ಮನುಷ್ಯ. ನೋಟ್‌ಬುಕ್ಕನ್ನು ತಲೆಕೆಳಗಾಗಿ ಹಿಡಿದು ನೋಡಿದ. “ಇದು ಯಾವ ಲಿಪಿ?”

“ಕನ್ನಡ.”

“ನೀವು ಓದಬಲ್ಲಿರಾ?”

“ನನ್ನ ಭಾಷೆ.”

“ಕ್ಯಾಪ್ಟನ್?”

“ಅವರದೂ ಅದೇ.”

ಆತ ನೋಟ್‌ಬುಕ್ಕು ಕೆಳಗಿಟ್ಟ. “ಅಂದರೆ ಏಟು ತಿಂದವರು, ಸಂಶಯಕ್ಕೆ ಒಳಗಾದವನು, ವರದಿ ಬರೆಯುವವರು, ಮೂವರದೂ ಒಂದೇ ಭಾಷೆ. ಈ ಪುಸ್ತಕದಲ್ಲಿ ಏನಿದೆ ಎಂದು ನಿಮ್ಮಿಂದಲೇ ನಾನು ತಿಳಿಯಬೇಕು.”

ನೂರು ಹಡಗಿನಲ್ಲಿ ಒಂದರಲ್ಲಿ ಮೂರು ಜನ ಕನ್ನಡದವರು ಸೇರುವುದು ಅಪರೂಪ. ಸೇರಿದ್ದೇ ತಪ್ಪಾಯಿತು. ಧಾರವಾಡದವರ ಮಾತಿಗೂ ಕುಮಟೆಯವರ ಮಾತಿಗೂ ಎಷ್ಟು ದೂರ, ಮೂವರೂ ಒಬ್ಬರನ್ನೊಬ್ಬರು ಎಷ್ಟು ಕಡಿಮೆ ನಂಬುತ್ತೇವೆ ಎಂದು ಆತನಿಗೆ ವಿವರಿಸಲು ಹೋಗಲಿಲ್ಲ.

ಆತ ಟೈಪು ಮಾಡಿಸಿದ ಹಾಳೆಯೊಂದನ್ನು ಮುಂದಿಟ್ಟ. ಸಿಬ್ಬಂದಿಯೊಬ್ಬನ ಕೈವಾಡವಿರುವ ಸಂಭವ ಹೆಚ್ಚು ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಖಾಲಿ ಗೆರೆ. “ಬುಧವಾರ ಹಡಗು ಹೊರಡುತ್ತದೆ. ಅಷ್ಟರೊಳಗೆ ಸಹಿ ಬೇಕು. ಅವನನ್ನು ಇಲ್ಲಿಂದಲೇ ವಿಮಾನ ಹತ್ತಿಸಿ. ಮುಂದಿನದನ್ನು ನಿಮ್ಮ ಪೊಲೀಸರು ನೋಡಿಕೊಳ್ಳುತ್ತಾರೆ.”

ಪೆನ್ನು ತೆಗೆದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬೇರೆ ವಿವರಣೆ ನನ್ನಲ್ಲೂ ಇರಲಿಲ್ಲ. ಆದರೆ ಸಹಿ ಹಾಕುವ ಮೊದಲು ಎರಡು ಸಲ ಓದುವುದು ನನ್ನ ಅಭ್ಯಾಸ. ಎರಡನೆಯ ಸಲ ಓದುವಾಗ ‘ಸಂಭವ’ ಎಂಬ ಮಾತು ತಡೆಯಿತು. ಸೋಮವಾರದವರೆಗೆ ಸಮಯ ಕೇಳಿ ಎದ್ದೆ.

ಓಲ್ಡ್ ಬ್ರಿಡ್ಜ್

ಭಾನುವಾರ ಓಲ್ಡ್ ಬ್ರಿಡ್ಜ್‌ನಲ್ಲಿ ನಂಜುಂಡಸ್ವಾಮಿಯ ಮನೆಗೆ ಊಟಕ್ಕೆ ಹೋದೆ. ಅವನು ಎಂಜಿನಿಯರಿಂಗ್‌ನಲ್ಲಿ ನನ್ನ ಹಾಸ್ಟೆಲ್ ಕೋಣೆಯವನು. ಬಸ್ ನಿಲ್ದಾಣಕ್ಕೆ ಬರುತ್ತೇನೆ ಎಂದಿದ್ದ. ನಾನೇ ಬೇಡವೆಂದೆ. ಅಷ್ಟು ಕಡಲು ಸುತ್ತಿದವನಿಗೆ ಒಂದು ಮನೆ ಹುಡುಕಲು ಬರುವುದಿಲ್ಲವೇ ಎಂಬ ಜಂಬ.

ಬಸ್ಸಿಳಿಯುವ ಹೊತ್ತಿಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಪದಾರ್ಥ ಬೀಳುತ್ತಿತ್ತು. ಜೇಬಿನಲ್ಲಿದ್ದ ವಿಳಾಸದ ಚೀಟಿ ನೆಂದು ಶಾಯಿ ಹರಡಿತ್ತು. ಬೀದಿಯ ಹೆಸರು ಉಳಿದಿತ್ತು, ಮನೆ ನಂಬರು ಹೋಗಿತ್ತು. ತಲೆಯೆತ್ತಿ ನೋಡಿದೆ. ಬೀದಿಯುದ್ದಕ್ಕೂ ಒಂದೇ ಅಚ್ಚಿನ ಮನೆಗಳು. ಅದೇ ಮಾಸಲು ಹಳದಿ ಗೋಡೆ, ಅದೇ ಬಾಗಿಲು, ಅದೇ ಮೂರು ಮೆಟ್ಟಿಲು, ಅದೇ ದೀಪ. ಕಿಟಕಿಗೆ ಸರಳಿಲ್ಲ, ಕಾಂಪೌಂಡಿಲ್ಲ. ಆದರೆ ಕಂಬದ ಮೇಲೆ ದೊಡ್ಡ ಕಣ್ಣಿನ ಚಿತ್ರ ಬರೆದು, ಅಕ್ಕಪಕ್ಕದವರು ನಿಮ್ಮನ್ನು ಗಮನಿಸುತ್ತಿದ್ದಾರೆ ಎಂದು ಬೋರ್ಡು ಹಾಕಿದ್ದರು. ನಮ್ಮಲ್ಲಿ ಅಕ್ಕಪಕ್ಕದವರು ಗಮನಿಸುವುದಕ್ಕೆ ಬೋರ್ಡು ಬೇಕಿಲ್ಲ, ಆದರೆ ಅವರು ಬಾಗಿಲಿಗೆ ಬಂದು “ಯಾರ ಮನೆ ಬೇಕಿತ್ತು?” ಎಂದೂ ಕೇಳುತ್ತಾರೆ. ಇಲ್ಲಿ ಪರದೆಯೊಂದು ಸರಿಯಿತು, ಮುಚ್ಚಿತು, ಅಷ್ಟೇ. ನಾನು ಬೀದಿಯ ಆ ತುದಿಯಿಂದ ಈ ತುದಿಗೆ, ಪ್ರತಿ ಮನೆಯ ಮುಂದೆ ನಿಂತು ನೋಡುತ್ತ ಎರಡು ಸಲ ನಡೆದೆ.

ಮೂರನೆಯ ಸಲಕ್ಕೆ ಪೊಲೀಸ್ ಕಾರು ಬಂತು.

ಇಳಿದ ಪೊಲೀಸನು ಸಭ್ಯನೇ. ಆದರೆ ಒಂದು ಕೈ ಸೊಂಟದ ಹತ್ತಿರವೇ ಇತ್ತು. “ಏನು ಹುಡುಕುತ್ತಿದ್ದೀರಿ?”

“ಸ್ನೇಹಿತನ ಮನೆ.”

“ಯಾವುದು?”

ಗೊತ್ತಿಲ್ಲ ಎನ್ನುವಷ್ಟರಲ್ಲಿ ಎಡಗಡೆಯ ಮೆಟ್ಟಿಲಿನತ್ತ ಕಣ್ಣು ಹೋಯಿತು. ಬಾಗಿಲ ಪಕ್ಕ, ಸೂರಿನಡಿ, ಹವಾಯಿ ಚಪ್ಪಲಿಗಳು, ಗಂಡಸರ ಬೂಟುಗಳು, ಜರಿಪಟ್ಟಿಯ ಹೆಂಗಸರ ಚಪ್ಪಲಿ, ಮಕ್ಕಳ ರಬ್ಬರ್ ಬೂಟು, ಒಟ್ಟು ಎಂಟು ಹತ್ತು ಜೊತೆ.

“ಅದು,” ಎಂದೆ.

“ಈಗಷ್ಟೇ ಗೊತ್ತಿರಲಿಲ್ಲ. ಈಗ ಹೇಗೆ ಗೊತ್ತಾಯಿತು?”

“ಜೋಡು ನೋಡಿ. ನಮ್ಮವರು ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ.”

ಆತ ನಂಬಲಿಲ್ಲ. ನನ್ನ ಜೊತೆಯಲ್ಲೇ ಬಂದು ಗಂಟೆ ಒತ್ತಿದ. ಬಾಗಿಲು ತೆರೆದ ಹುಡುಗಿ ನನ್ನನ್ನು ಬಿಟ್ಟು ಅವನನ್ನೇ ನೋಡಿ, “ಮಾಮ್, ದೇರ್ ಈಸ್ ಎ ಕಾಪ್!” ಎಂದು ಕೂಗಿತು. ಹಿಂದಿನಿಂದ ನಂಜುಂಡಸ್ವಾಮಿ ಓಡಿ ಬಂದ.

“ಅಯ್ಯೋ ಲಿಂಗ! ಬಂದ್ ವಾರಕ್ಕೇ ಅಮೆರಿಕ ಸರ್ಕಾರ ನಿನ್ನನ್ನ ಮನೆ ಬಾಗ್ಲಿಗೆ ಡ್ರಾಪ್ ಮಾಡ್ತಾ ಇದೆಯಲ್ಲೋ! ನಂಗೆ ಹನ್ನೆರಡು ವರ್ಷದಿಂದ ಇಂಥಾ ಮರ್ಯಾದೆ ಸಿಕ್ಕಿಲ್ಲ.”

ಪೊಲೀಸನೂ ನಕ್ಕ. ಹೋಗುವ ಮೊದಲು ಮೆಟ್ಟಿಲ ಮೇಲಿನ ರಾಶಿಯನ್ನು ಇನ್ನೊಮ್ಮೆ ನೋಡಿ, ಒಳ್ಳೆಯ ಮನಸ್ಸಿನಿಂದಲೇ ನಂಜುಂಡಸ್ವಾಮಿಗೆ ಹೇಳಿದ: “ಇದನ್ನು ಒಳಗಿಟ್ಟುಕೊಳ್ಳಿ. ಬೀದಿಯಲ್ಲಿ ಹೋಗುವ ಯಾವ ಕಳ್ಳನಿಗಾದರೂ ಇದು ಯಾರ ಮನೆ ಎಂದು ಗೊತ್ತಾಗುತ್ತದೆ.”

ನಾನು ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚಲು ಬಗ್ಗಿದವನು ಬಗ್ಗಿಯೇ ನಿಂತೆ.

ಹಡಗಿನ ಆ ಓಣಿ ಕಣ್ಣಿಗೆ ಬಂತು. ಓಣಿಯಲ್ಲಿ ಏನೂ ಬಿದ್ದಿರಬಾರದು, ಬೆಂಕಿ ಬಿದ್ದಾಗ ಓಡುವವರು ಎಡವಬಾರದು ಎಂಬುದು ನಿಯಮ. ಅದಕ್ಕೇ ಯಾರೂ ಬಾಗಿಲ ಹೊರಗೆ ಜೋಡು ಬಿಡುವುದಿಲ್ಲ. ಒಂದು ಬಾಗಿಲಿನ ಹೊರತು. ಒಳಗೆ ಗಣಪತಿಯಿದ್ದ ಕಾರಣ ಕ್ಯಾಪ್ಟನ್ನರೂ ಹೊರಗೇ ಬಿಚ್ಚುತ್ತಿದ್ದರು, ಅಲ್ಲಿಗೆ ಹೋದವರೆಲ್ಲ ಹೊರಗೇ ಬಿಚ್ಚುತ್ತಿದ್ದರು. ಫಲಕ ಕಳಚಿಟ್ಟವರು ಜೋಡನ್ನು ಅಲ್ಲೇ ಬಿಟ್ಟಿದ್ದರು. ಹಡಗಿನ ಪ್ರತಿ ಅಂಗುಲ ನೋಡಿ ತಪ್ಪು ಬರೆಯುವುದೇ ನನ್ನ ಸಂಬಳದ ಕೆಲಸ. ನಾನೂ ಅಲ್ಲೇ ಬೂಟು ಬಿಚ್ಚಿ ಒಳಗೆ ಹೋಗಿದ್ದೆ, ಅದನ್ನು ಬರೆದಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಚೀಲದಿಂದ ಕಳುವಾದ ಸಾಮಾನಿನ ಪಟ್ಟಿ ತೆಗೆದೆ. ಕ್ಯಾಮೆರಾ, ಗಡಿಯಾರ, ರೇಡಿಯೊ, ಹೀಗೆ ಹೋಗಿ ಕೊನೆಯ ಸಾಲು: ಕ್ಯಾಪ್ಟನ್ನರ ಬಿಳಿ ಬೂಟು, ಒಂದು ಜೊತೆ. ನಾಲ್ಕು ಸಲ ಓದಿದ ಪಟ್ಟಿ ಅದು.

“ನಿಂತ್ಕೊಂಡೇ ಏನೋ ಓದ್ತೀಯಾ? ಬಾ, ಬಿಸಿಬೇಳೆಬಾತ್ ಆರುತ್ತೆ,” ಎಂದ ನಂಜುಂಡಸ್ವಾಮಿ.

“ಊಟ ಆದ ತಕ್ಷಣ ನನ್ನ ಬಂದರಿಗೆ ಬಿಟ್ಬಿಡ್ತೀಯಾ?”

“ಈ ವೆದರಲ್ಲಾ?” ಎಂದ. ಆದರೂ ಡ್ರೈವ್ ಮಾಡಿದ. ದಾರಿಯುದ್ದಕ್ಕೂ ಏನಾಯಿತೆಂದು ಕೇಳಿದ. ನಾನು ಹೇಳಲಿಲ್ಲ. ಆ ವಾರ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ, ನನ್ನ ಮೇಲೆ ಎಲ್ಲಕ್ಕಿಂತ ಕಡಿಮೆ.

ಮತ್ತೆ ಹಡಗು

ಕ್ಯಾಪ್ಟನ್ನರಿಗೆ ಹೇಳುವುದು ಸುಲಭವಾಗಲಿಲ್ಲ.

“ಅಂದ್ರ ನಾನ ಕಳ್ಳರ್ನ ಕರದೆ ಅಂತೀರೇನು?”

“ಇಲ್ಲ ಸಾರ್. ಬಾಗಿಲು ಗುರುತು ಹಿಡಿಯೋಕೆ ಯಾರೂ ಹೇಳ್ಬೇಕಾಗಿರ್ಲಿಲ್ಲ ಅಂತೀನಿ.”

“ದೇವ್ರ ಮುಂದ ಜೋಡ ಹಾಕ್ಕೊಂಡು ಅಡ್ಡಾಡ್ಲೇನ್ರೀ ನಾನು?”

“ಬಿಳಿ ಬೂಟು ಎಲ್ಲಿಂದ ಕದ್ರು ಸಾರ್?”

ಅವರು ಜೋಳಿಗೆಯಲ್ಲಿದ್ದ ಕೈಯನ್ನು ಇನ್ನೊಂದು ಕೈಯಿಂದ ನೇವರಿಸಿದರು. “ಬಾಗ್ಲಾ ಹೊರಗ ಇದ್ದೂ,” ಎಂದರು. “ಮಂಜ್ಯಾನ ಚಪ್ಪಲಿನೂ ಅಲ್ಲೇ ಇದ್ದೂ. ಅವನ್ನ ದಾಟಿ ಒಳಗ ಬಂದ್ರು.” ಹಾಗೆಂದು ಬರೆದುಕೊಡುತ್ತೀರಾ ಎಂದೆ. ಕಾಗದ ತೆಗೆದುಕೊಂಡರು.

ಸೋಮವಾರ ಕೆಲ್ಲರ್ ಹಡಗಿಗೆ ಬಂದ. ಕೇಳಿಸಿಕೊಂಡ. “ಒಂದೇ ಭಾಷೆಯ ಮೂವರು ಸೇರಿ ಚೆನ್ನಾದ ಕಥೆ ಕಟ್ಟಿದ್ದೀರಿ,” ಎಂದ.

“ಹಾಗಾದರೆ ನಮ್ಮ ಭಾಷೆ ಬಾರದವನನ್ನು ನೀವೇ ಆರಿಸಿ. ಈ ಹಡಗು ಹತ್ತದವನಾಗಿರಬೇಕು. ಕ್ಯಾಪ್ಟನ್ ಕೋಣೆ ಹುಡುಕಲಿ.”

ಕೆಲ್ಲರ್ ನನ್ನನ್ನು ಅಲ್ಲೇ ನಿಲ್ಲಿಸಿ ತಾನೊಬ್ಬನೇ ಕೆಳಗಿಳಿದು ಹೋದ. ಹಡಗಿಗೆ ತರಕಾರಿ ಇಳಿಸಲು ಬಂದಿದ್ದ ವ್ಯಾನಿನ ಡ್ರೈವರನನ್ನು ಕರೆತಂದ. ದಪ್ಪನೆಯ ಮನುಷ್ಯ, ಹೆಸರು ಟೋನಿ. ಕೈಯಲ್ಲಿ ಒಂದು ರಸೀದಿ ಕೊಟ್ಟು, ಕ್ಯಾಪ್ಟನ್ ಸಹಿ ತೆಗೆದುಕೊಂಡು ಬಾ, ಯಾರನ್ನೂ ಕೇಳಬೇಡ, ಎಂದ. ಫಲಕಗಳಿರಲಿಲ್ಲ. ನಾವಿಬ್ಬರೂ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಹೋದೆವು.

ಟೋನಿ ಎಲ್ಲ ಹಡಗುಗಳಲ್ಲೂ ಮಾಡುವಂತೆ ಸೀದಾ ಮೇಲಿನ ಅಂತಸ್ತಿಗೆ ಏದುಸಿರು ಬಿಡುತ್ತ ಏರಿದ. ಓಣಿಯ ತುದಿಯಲ್ಲಿ ನಿಂತ. ಆತ ಮೊದಲ ಬಾಗಿಲು ತಟ್ಟಿದರೆ ಮಂಜುನಾಥ ಮುಳುಗಿದ. ಟೋನಿ ಒಂದು ಸಲ ಉದ್ದಕ್ಕೂ ನೋಡಿದ. ನಡೆದ. ಒಂದು, ಎರಡು, ಮೂರು ಬಾಗಿಲು ದಾಟಿದ. ಆರನೆಯದರ ಮುಂದೆ ನಿಂತು ಮೂಗು ಒರೆಸಿಕೊಂಡ. ಮತ್ತೆ ನಡೆದು, ಎಂಟನೆಯದರ ಮುಂದೆ ನಿಂತು, ಅಲ್ಲಿದ್ದ ಮೂರು ಜೊತೆ ಜೋಡುಗಳನ್ನು ಕಾಲಿನಿಂದ ಸರಿಸಿ ಬಾಗಿಲು ತಟ್ಟಿದ.

“ಇದೇ ಎಂದು ಹೇಗೆ ಗೊತ್ತಾಯಿತು?” ಎಂದ ಕೆಲ್ಲರ್.

ಟೋನಿ ಪೆದ್ದನನ್ನು ನೋಡುವಂತೆ ಅವನನ್ನು ನೋಡಿದ. “ಯಜಮಾನನ ಬಾಗಿಲಲ್ಲದೆ ಇನ್ಯಾರ ಬಾಗಿಲಲ್ಲಿ ಬೂಟು ಬಿಚ್ಚುತ್ತಾರೆ?”

ಕೆಲ್ಲರ್ ಸೋತೆ ಎನ್ನಲಿಲ್ಲ. ಇದು ಸಾಕ್ಷಿಯಲ್ಲ ಎಂದ, ಹಾಗೂ ಇರಬಹುದು ಎಂದ, ಹೀಗೂ ಇರಬಹುದು ಎಂದ. ಆದರೆ ಹಾಳೆ ತೆಗೆದು, ಸಿಬ್ಬಂದಿಯ ಕೈವಾಡದ ಸಾಲಿನ ಮೇಲೆ ಗೆರೆ ಎಳೆದು, ಅದರ ಪಕ್ಕ ತನ್ನ ಸಹಿ ಹಾಕಿದ. ಕೆಳಗೆ ನಾನು ಹಾಕಿದೆ. ನೋಟ್‌ಬುಕ್ಕನ್ನು ಹಿಂದಕ್ಕೆ ಕೊಟ್ಟ.

ಆ ಮಧ್ಯಾಹ್ನ ಆರು ಚಿಲಕಗಳನ್ನೂ ಹೊರಗೋಡೆಯ ಬಾಗಿಲುಗಳಿಗೆ ಕೂರಿಸಿದೆವು. ಹಡಗಿನ ಹಿಂದೆ ಎರಡು ನೀರಿನ ಕೊಳವೆ ಸದಾ ಸಿದ್ಧವಿರಬೇಕು, ದೋಣಿ ಹತ್ತಿರ ಬಂದರೆ ಮುಖಕ್ಕೆ ಬಿಡಬೇಕು ಎಂದು ಖಲಾಸಿಗಳಿಗೆ ತೋರಿಸಿದೆ. ಸೀಟಿ ಹಂಚಿದೆ. ಜೋಡಿನ ಪ್ರಶ್ನೆ ಬಂದಾಗ ಕ್ಯಾಪ್ಟನ್ನರು ತಮ್ಮದನ್ನು ಒಳಗೆ ತರಲು ಒಪ್ಪಲೇ ಇಲ್ಲ. ಕೊನೆಗೆ ಖಲಾಸಿಗಳೇ ದಾರಿ ಹುಡುಕಿದರು: ಎಂಟೂ ಬಾಗಿಲ ಹೊರಗೆ ಹಳೆಯ ಜೋಡುಗಳನ್ನು ಜೋಡಿಸಿಬಿಟ್ಟರು. ಬೆಂಕಿಯ ನಿಯಮಕ್ಕೆ ವಿರುದ್ಧ. ಗೋಡೆಗೆ ಒತ್ತಿ ಸಾಲಾಗಿರಲಿ ಎಂದು ಬರೆದು ಬಿಟ್ಟೆ.

ಮಂಜುನಾಥ ಆ ಗುಂಪಿನಲ್ಲಿರಲಿಲ್ಲ. ನೋಟ್‌ಬುಕ್ಕು ಹಿಡಿದು ಅವನ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಇಸ್ತ್ರಿ ಮಾಡುತ್ತಿದ್ದ.

“ಮಂಜುನಾಥ, ನಿನ್ನ ಹೆಸರು ತೆಗೆಸಿದೆ. ಇನ್ನೇನೂ ತೊಂದರೆ ಇಲ್ಲ.”

“ಕೇಳ್ದೆ ಸಾಬ್. ದೊಡ್ಡ ಉಪಕಾರ.” ಇಸ್ತ್ರಿ ನಿಲ್ಲಿಸಲಿಲ್ಲ.

“ಇದು ನಿನ್ನ ನೋಟ್‌ಬುಕ್ಕು.”

“ಅಲ್ಲೇ ಇಡಿ.”

ಇಡಲು ಒಳಗೆ ಕಾಲಿಟ್ಟೆ. ಅವನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ನನ್ನ ಮುಖವನ್ನು ನೋಡದೆ ಕಾಲನ್ನು ನೋಡಿದ.

“ಒಂದು ಮಾತು ಹೇಳೂದಾ ಸಾಬ್? ಬೇಜಾರು ಮಾಡ್ಕಬೇಡಿ. ಕ್ಯಾಪ್ಟನ್ ಸಾಬ್‌ರ ಬಾಗ್ಲಲ್ಲಿ ನೀವು ಹೊರಗೇ ಬಿಚ್ಚಿ ಹೋದ್ರಿ. ನನ್ನ ಟ್ರಂಕು ನೋಡೂಕೆ ಬಂದ ದಿವ್ಸ ಬೂಟು ಹಾಕ್ಕಂಡೇ ಬಂದ್ರಿ. ಇಲ್ಲೂ ದೇವ್ರ ಪಟ ಉಂಟು.”

ಮಂಚದ ತಲೆಯ ಹತ್ತಿರ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಚೌಕಟ್ಟಿನಲ್ಲಿ ಒಂದು ಪಟವಿತ್ತು. ಅಂದು ಅದರ ಕೆಳಗಿನ ಹಾಸಿಗೆಯನ್ನೇ ನಾನು ಎತ್ತಿಸಿದ್ದು.

ಹಿಂದಕ್ಕೆ ಸರಿದು ಓಣಿಯಲ್ಲಿ ಕೂತೆ. ಹಡಗಿನ ಬೂಟಿಗೆ ಕಣಕಾಲಿನವರೆಗೆ ಲೇಸು. ಚಳಿಗೆ ಬೆರಳು ಮರಗಟ್ಟಿತ್ತು, ಗಂಟು ಬೇಗ ಬಿಚ್ಚಲಿಲ್ಲ. ಆಚೀಚೆ ಹೋಗುವ ಖಲಾಸಿಗಳು ನಿಂತು ನೋಡಿದರು. ಮಂಜುನಾಥ ಪರವಾಗಿಲ್ಲ ಬಿಡಿ ಸಾಬ್ ಎನ್ನಲಿಲ್ಲ. ಎರಡೂ ಬಿಚ್ಚಿ ಗೋಡೆಗೊತ್ತಿ ಇಡುವವರೆಗೂ ಕಾದು, ಆಮೇಲೆ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, “ಬನ್ನಿ,” ಎಂದ.